ನಡಿಗೆಯ ಋಣ

ದೂರ ಎಂಬುದು ಮನುಷ್ಯನಿಗೆ ಶತ್ರುವೋ ಮಿತ್ರನೋ ಎಂಬ ಜಿಜ್ಞಾಸೆ ಹಳೆಯದು. ಗಾಲಿ ಉರುಳಿದ ದಿನದಿಂದ ನಾವು ಅದನ್ನು ಶತ್ರುವೆಂದೇ ಎಣಿಸಿ ಗೆಲ್ಲುತ್ತ ಬಂದಿದ್ದೇವೆ. ಆದರೂ ವರ್ಷಕ್ಕೊಮ್ಮೆ, ಮಳೆ ಹಿಂದೆ ಸರಿದು ಬಿಸಿಲು ಮೂಡುವ ಆಶ್ವಯುಜದಲ್ಲಿ, ನಮ್ಮ ಕರಾವಳಿಯ ಮನೆಗಳು ಒಂದು ಚಿಕ್ಕ ದೂರವನ್ನು ಗೌರವದಿಂದ ನಡೆದೇ ಮುಗಿಸುವ ಪದ್ಧತಿ ಇಟ್ಟುಕೊಂಡಿವೆ. ಗದ್ದೆಯಿಂದ ಮನೆಯಂಗಳದ ತುಳಸಿಕಟ್ಟೆಯವರೆಗಿನ ದೂರ ಅದು. ಹೊಸ್ತಿನ ದಿನ ಕದಿರು ಬರುವ ದಾರಿ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ಹೊಸ್ತು ಎಂದರೇನೆಂದು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ಕಾರ್ತಿ ಬೆಳೆ ಬಲಿಯುವ ಹೊತ್ತಿಗೆ, ಹೆಚ್ಚಾಗಿ ನವರಾತ್ರಿಯ ಆಸುಪಾಸಿನಲ್ಲಿ, ಮನೆಯ ಯಜಮಾನ ನಸುಕಿನಲ್ಲಿ ಮಿಂದು ಗದ್ದೆಗೆ ಹೋಗುತ್ತಾನೆ. ತೆನೆಗೆ ಹಾಲೆರೆದು ಪೂಜಿಸಿ, ಒಂದು ಹಿಡಿ ಕದಿರು ಕೊಯ್ದು, ಹರಿವಾಣದಲ್ಲಿಟ್ಟು ತಲೆಯ ಮೇಲೆ ಹೊತ್ತು ತರುತ್ತಾನೆ. ಜೊತೆಗೆ ಜಾಗಟೆಯ ಸದ್ದು. ಆ ಕದಿರನ್ನು ಮಾವು, ಹಲಸು, ಬಿದಿರಿನ ಎಲೆಗಳೊಂದಿಗೆ ಸುತ್ತಿ ಬಾಗಿಲಿಗೆ, ಕಣಜಕ್ಕೆ, ನೇಗಿಲಿಗೆ, ಬಾವಿಯ ರಾಟೆಗೆ, ತೊಟ್ಟಿಲಿಗೆ ಕಟ್ಟುತ್ತಾರೆ. ಹೊಸ ಅಕ್ಕಿಯ ಕಾಳು ಬೆರೆತ ಊಟವನ್ನು ಕಿರಿಯರು ಹಿರಿಯರ ಒಪ್ಪಿಗೆ ಕೇಳಿ ಉಣ್ಣುತ್ತಾರೆ. ನಮ್ಮ ಕ್ರೈಸ್ತ ನೆರೆಯವರ ಮನೆಗಳಲ್ಲಿ ಇದೇ ಭಾವನೆ ಸಪ್ಟೆಂಬರ್ 8ರ ಮೊಂತಿ ಹಬ್ಬವಾಗಿ ಬರುತ್ತದೆ. ಕನ್ಯಾಮರಿಯಮ್ಮನಿಗೆ ಮಕ್ಕಳು ಹೂವರ್ಪಿಸುತ್ತಾರೆ. ಇಗರ್ಜಿಯಲ್ಲಿ ಹರಸಿದ ತೆನೆ ಮನೆಗೆ ಬಂದು ಹಾಲಿನಲ್ಲೋ ಪಾಯಸದಲ್ಲೋ ಬೆರೆತು ಎಲ್ಲರಿಗೂ ಹಂಚಿಕೆಯಾಗುತ್ತದೆ. ದೇವರು ಬೇರೆ, ತೆನೆ ಒಂದೇ.

ಈಗ ಈ ದಾರಿಗೂ ವಾಹನ ಬಂದಿದೆ. ಪೇಟೆಯಲ್ಲಿ ಎಲೆಗಳೊಂದಿಗೆ ಕಟ್ಟಿಟ್ಟ ಕದಿರಿನ ಸೂಡಿ ಕ್ರಯಕ್ಕೆ ಸಿಗುತ್ತದೆ. ಸ್ಕೂಟರಿನ ಹಿಡಿಗೆ ತೂಗುಹಾಕಿಕೊಂಡು ಹತ್ತು ನಿಮಿಷದಲ್ಲಿ ಮನೆ ಸೇರಬಹುದು. ಬಾಗಿಲಿಗೆ ಕಟ್ಟಿದ ಮೇಲೆ ಎರಡು ಕದಿರುಗಳಲ್ಲಿ ಯಾವ ಭೇದವೂ ಕಾಣದು. ಹಾಗಾದರೆ ನಡೆದು ತರುವುದರಲ್ಲಿ ಏನು ಹೆಚ್ಚಳ?

ಹಿಂದಿನದೆಲ್ಲ ಚೆನ್ನಾಗಿತ್ತು ಎಂಬ ಉತ್ತರ ಸುಲಭ; ಆದರೆ ಅದನ್ನು ಒಪ್ಪುವ ಮೊದಲು ಹಿಂದಿನವರ ಕಾಲುಗಳನ್ನು ನೋಡಬೇಕು. ಈ ನೆಲದಲ್ಲಿ ನಡೆದವರು ಯಾರು? ಗೇಣಿಯ ಒಕ್ಕಲು ತಾನು ಬೆಳೆದ ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ, ತಲೆಯ ಮೇಲೆ ಹೊತ್ತು, ಧಣಿಯ ಮನೆಗೆ ನಡೆದ. ಬರಿಗೈಯಲ್ಲಿ ಮರಳಿ ಗಂಜಿ ಕುಡಿದ. ಗಂಗೊಳ್ಳಿಯ ಮೀನುಗಾರ ಹೆಂಗಸು ಬುಟ್ಟಿಯ ನೀರು ಕೆನ್ನೆಗೆ ಇಳಿಯುತ್ತಿರಲು ಒಳನಾಡಿನ ಹಳ್ಳಿಗಳಿಗೆ ನಡೆದಳು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡುವ ಈ ಸೀಮೆಯಲ್ಲಿ, ಸೇತುವೆ ಇಲ್ಲದ ಕಾಲದಲ್ಲಿ, ನೆರೆಯ ದಿನ ಕಡವಿನ ದಡದಲ್ಲಿ ದೋಣಿಗಾಗಿ ಕಾದ ರೋಗಿಯ ಮುಂದೆ ನಡಿಗೆಯ ಮಹಿಮೆಯನ್ನು ಹಾಡುವ ಧೈರ್ಯ ಯಾರಿಗುಂಟು? ಅವರ ಪಾಲಿಗೆ ಮೋಟಾರು ಒಂದು ಕರುಣೆಯೇ ಸರಿ. ಬೇರೆ ದಾರಿಯಿಲ್ಲದೆ ನಡೆದವನ ನಡಿಗೆಯನ್ನು ಧರ್ಮವೆಂದು ಹೊಗಳುವುದು, ಹಸಿದವನ ಉಪವಾಸವನ್ನು ವ್ರತವೆಂದು ಹೊಗಳಿದಂತೆ.

ಇನ್ನೊಂದು ಉತ್ತರ ದೂರದ ಆಲ್ಪ್ಸ್ ಪರ್ವತಗಳ ಕಡೆಯಿಂದ ಬರುತ್ತದೆ. ಇಟಲಿಗೆ ಸೇರಿದ ದಕ್ಷಿಣ ಟಿರೋಲಿನಲ್ಲಿ ಶರತ್ಕಾಲ ಬಂತೆಂದರೆ ಜನ ಬೆಟ್ಟದ ಹಾದಿಯಲ್ಲಿ ತೋಟದ ಮನೆಯಿಂದ ತೋಟದ ಮನೆಗೆ ನಡೆಯುತ್ತ ಹೊಸ ದ್ರಾಕ್ಷಾರಸವನ್ನೂ ಸುಟ್ಟ ಚೆಸ್ಟ್‌ನಟ್ ಬೀಜಗಳನ್ನೂ ಸವಿಯುತ್ತಾರೆ. ಅದು ಅವರ ಹೊಸ್ತು. ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಪ್ರಾಂತದವರು 1900ರಲ್ಲಿ ತಮ್ಮ ರಸ್ತೆಗಳಿಗೆ ಮೋಟಾರು ಬರಬಾರದೆಂದು ನಿಷೇಧ ಹಾಕಿ, 1925ರಲ್ಲಿ ಜನಮತದಿಂದ ಅದನ್ನು ತೆಗೆಯುವವರೆಗೆ ಕಾಲು ಶತಮಾನ ಹಟ ಹಿಡಿದರು. ಅದೇ ದೇಶದ ಝೆರ್ಮಾಟ್ ಎಂಬ ಊರಿನಲ್ಲಿ ಇಂದಿಗೂ ಪೆಟ್ರೋಲ್ ಕಾರುಗಳಿಗೆ ಪ್ರವೇಶವಿಲ್ಲ. ಬಂದವರು ಕಾರನ್ನು ಕೆಳಗಿನ ಊರಿನಲ್ಲಿ ಬಿಟ್ಟು ರೈಲು ಹತ್ತುತ್ತಾರೆ. ಇದು ಮೆಚ್ಚತಕ್ಕ ವಿಚಾರ. ಆದರೆ ಆ ನಿಶ್ಶಬ್ದಕ್ಕೆ ಈಗ ದೊಡ್ಡ ಬೆಲೆಯುಂಟು. ಲೋಕದ ಸಿರಿವಂತರು ಅದನ್ನು ಕೊಳ್ಳಲು ಹೋಗುತ್ತಾರೆ. ಒಂದು ಕಾಲದ ಬಡವನ ನಡಿಗೆ ಇನ್ನೊಂದು ಕಾಲದಲ್ಲಿ ಧನಿಕನ ವಿಲಾಸವಾಗುತ್ತದೆ. ನಮ್ಮ ಹೊಸ್ತು ಕೂಡ ನಾಳೆ ಯಾವುದೋ ವಿಹಾರಧಾಮದ ಕಾರ್ಯಕ್ರಮಪಟ್ಟಿಯಲ್ಲಿ ಸೇರಿದರೆ ಆಶ್ಚರ್ಯವಿಲ್ಲ.

ಬಲವಂತದ ನಡಿಗೆ, ಮಾರಾಟದ ನಡಿಗೆ ಇವೆರಡನ್ನೂ ಬದಿಗಿಟ್ಟರೆ ಮೂರನೆಯದೊಂದು ಉಳಿಯುತ್ತದೆ. ಅದನ್ನು ಋಣದ ನಡಿಗೆ ಎನ್ನುತ್ತೇನೆ. ಒಂದು ತುತ್ತು ಅನ್ನ ಬಾಯಿಗೆ ಬರುವ ಮೊದಲು ಅದರ ಹಿಂದೆ ಎಷ್ಟು ಹೆಜ್ಜೆಗಳಿವೆ! ಕೋಣಗಳ ಬೆನ್ನಿಗೆ ಕೆಸರಿನಲ್ಲಿ ಹೂಡಿದವನದು, ಬಾಗಿದ ಬೆನ್ನಿನಲ್ಲಿ ಹಿಂದೆ ಹಿಂದೆ ಸರಿಯುತ್ತ ನೇಜಿ ನೆಟ್ಟ ಹೆಂಗಸರದು, ಅಂಚಿನ ಮೇಲೆ ಹೊರೆ ಹೊತ್ತವರದು, ಅಂಗಳದ ಹಡಿಮಂಚಕ್ಕೆ ಭತ್ತ ಬಡಿದವರದು. ಈ ಸಾಲಿನಲ್ಲಿ ಇಲ್ಲದ್ದು ಉಣ್ಣುವವನ ಹೆಜ್ಜೆಯೊಂದೇ. ಹೊಸ್ತಿನ ವಿಧಿ ಅವನನ್ನೂ ಆ ದಿನ ಗದ್ದೆಗೆ ಇಳಿಸುತ್ತದೆ. ಉಣ್ಣುವ ಮೊದಲು ನೀನೂ ಒಮ್ಮೆ ನಡೆ ಎನ್ನುತ್ತದೆ. ಈ ಕಟ್ಟಳೆ ಮಾಡಿದವರು ಯಾರೋ ತಿಳಿಯದು. ಮಾಡಿದವರಿಗೆ ನ್ಯಾಯದ ಅರಿವು ಇದ್ದಿರಬೇಕು.

ಆದರೆ ಆ ನ್ಯಾಯ ಬಹುಕಾಲ ಅರ್ಧವೇ ಆಗಿತ್ತು. ಒಂದು ಹಿಡಿ ಹೊತ್ತವನು ಯಜಮಾನ. ಉಳಿದುದನ್ನೆಲ್ಲ ಹೊತ್ತವನು ಬೇರೆ. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದ ಮೇಲೆ ಅನೇಕ ಒಕ್ಕಲುಗಳು ಉತ್ತ ನೆಲಕ್ಕೆ ಒಡೆಯರಾದರು. ಹೊತ್ತ ತಲೆಯೂ ಉಣ್ಣುವ ಬಾಯಿಯೂ ಒಂದೇ ದೇಹದಲ್ಲಿ ಸೇರಿದ್ದು ಆಗ. ಆ ಮನೆಗಳಲ್ಲಿ ಮುಂದಿನ ಹೊಸ್ತಿಗೆ ಕದಿರು ಬಂದಾಗ ಅದರ ಭಾರ ಬೇರೆಯೇ ಇದ್ದಿರಬೇಕು.

ಇಂದಿನ ಸಂಗತಿ ಮತ್ತೊಂದು ಬಗೆಯದು. ಹೊರ ಊರುಗಳಿಂದ ಬಂದ ಕಟಾವು ಯಂತ್ರ ಎರಡು ಗಳಿಗೆಯಲ್ಲಿ ಗದ್ದೆ ಬರಿದು ಮಾಡುತ್ತದೆ. ಬಾಡಿಗೆ ಕೊಟ್ಟೆವು, ಕೂಲಿ ಕೊಟ್ಟೆವು, ಋಣ ತೀರಿತಲ್ಲ ಎಂದು ಕೇಳಬಹುದು. ಶ್ರಮದ ಋಣ ಹಣದಿಂದ ತೀರುತ್ತದೆ, ತೀರಲೇಬೇಕು. ಆದರೆ ಪರಿಚಯದ ಋಣ ಹಣದಿಂದ ತೀರುವುದಿಲ್ಲ. ಅಂಚಿನ ಮೇಲೆ ನಡೆದವನಿಗೆ ಕಟ್ಟ ಒಡೆದು ಉಪ್ಪುನೀರು ನುಗ್ಗಿದ್ದು ಕಾಣುತ್ತದೆ. ತೋಡು ಹೂಳು ತುಂಬಿದ್ದು ಕಾಣುತ್ತದೆ. ನೆರೆಯವನ ಗದ್ದೆ ಎರಡು ವರ್ಷದಿಂದ ಹಡಿಲು ಬಿದ್ದು ಹುಲ್ಲು ಆಳೆತ್ತರ ಬೆಳೆದದ್ದು ಕಾಣುತ್ತದೆ. ಕಂಡಮೇಲೆ ಸುಮ್ಮನಿರುವುದು ಕಷ್ಟ. ವೇಗವಾಗಿ ಹೋಗುವವನು ಕೆಟ್ಟವನೇನಲ್ಲ. ಅವನಿಗೆ ಕಾಣುವುದಿಲ್ಲ, ಅಷ್ಟೇ. ಕಾಣದವನನ್ನು ಕರ್ತವ್ಯ ಹೇಗೆ ಕರೆದೀತು?

ಹಾಗೆಂದು ಕಾರುಗಳನ್ನೆಲ್ಲ ಹೊಳೆಗೆ ನೂಕಿರೆಂದು ನನ್ನ ವಾದವಲ್ಲ. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಹೋಟೆಲು ನಡೆಸುವ ನಮ್ಮವರು ಊರಿನ ಹಬ್ಬಕ್ಕೆ ನಡೆದು ಬರಲಾರರು. ಅವರಿಗೆ ರೈಲು ಉಂಟು. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಕುಂದಾಪುರಕ್ಕೂ ಬೈಂದೂರಿಗೂ ಕಾರಿಲ್ಲದೆ ಬರುವುದು ಕಷ್ಟವಲ್ಲ. ಬೆಂಗಳೂರಿನಿಂದ ಬರುವ ಒಂದು ಗಾಡಿಗಂತೂ ನಮ್ಮ ಐದು ಹೊಳೆಗಳ ಹೆಸರನ್ನೇ ಇಟ್ಟು ಪಂಚಗಂಗಾ ಎಂದು ಕರೆದಿದ್ದಾರೆ. ನೂರಾರು ಮೈಲು ಹೇಗೆ ಬೇಕಾದರೂ ಬರಲಿ. ಕೊನೆಯ ಕೆಲವು ನೂರು ಹೆಜ್ಜೆಯನ್ನು ಮಾತ್ರ, ಗದ್ದೆಯಿಂದ ಅಂಗಳದವರೆಗಿನದನ್ನು, ಯಾರಿಗೂ ವಹಿಸದೆ ತಾವೇ ನಡೆಯಲಿ. ನಡೆಯಲಾರದ ಹಿರಿಯರ ಪರವಾಗಿ ಮಕ್ಕಳು ನಡೆಯಲಿ. ನಡೆಯದಿರುವ ಸ್ವಾತಂತ್ರ್ಯ ಈಗ ಬಹಳ ಜನರಿಗೆ ದೊರೆತಿದೆ. ಬಿಡುವ ಅವಕಾಶವಿದ್ದೂ ಬಿಡದೆ ನಡೆದಾಗಲೇ ನಡಿಗೆ ಧರ್ಮವಾಗುವುದು. ನಮ್ಮ ಅಜ್ಜಂದಿರಿಗೆ ಇರದಿದ್ದ ಭಾಗ್ಯ ಇದು.

ಗದ್ದೆಯೇ ಇಲ್ಲದವರು ಏನು ಮಾಡಬೇಕು? ಅಂಗಡಿಗೆ ಹೋಗುವ ಬದಲು ಗದ್ದೆಯಿರುವ ನೆರೆಯವನಲ್ಲಿಗೆ ನಡೆದು ಹೋಗಿ ನಾಲ್ಕು ತೆನೆ ಕೇಳಬೇಕು. ಅಂಗಡಿಯ ಕದಿರಿಗೆ ಕ್ರಯ ಕೊಟ್ಟರೆ ಸಂಬಂಧ ಅಲ್ಲಿಗೆ ಮುಗಿಯಿತು. ಕೇಳಿ ತಂದ ಕದಿರು ಬಾಗಿಲಲ್ಲಿ ಒಣಗುತ್ತ ವರ್ಷವಿಡೀ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿರುತ್ತದೆ: ಮುಂದಿನ ವರ್ಷ ಆ ಗದ್ದೆ ಹಡಿಲು ಬಿದ್ದರೆ ನಾವು ಎಲ್ಲಿಗೆ ನಡೆದು ಹೋಗುವುದು? ಆ ಚಿಂತೆ ಉಣ್ಣುವವನ ಮನೆಯಲ್ಲಿ ಹುಟ್ಟಬೇಕು. ಬೆಳೆಯುವವನು ಇಷ್ಟು ಕಾಲ ಅದನ್ನು ಒಬ್ಬನೇ ಹೊತ್ತದ್ದು ಸಾಕು.