ಉಳಿದವರನ್ನು ಉಳಿಸಿದ್ದೇನು?

‘ಆರೋಗ್ಯ’ ಎಂಬ ಪದದೊಳಗೇ ರೋಗ ಕೂತಿದೆ. ರೋಗವಿಲ್ಲದ ಸ್ಥಿತಿಯೇ ಆರೋಗ್ಯ. ‘ಸ್ವಾಸ್ಥ್ಯ’ ಹಾಗಲ್ಲ, ತನ್ನಲ್ಲಿ ತಾನು ನೆಲೆನಿಂತಿರುವುದು ಎಂದು ಅದರ ಅರ್ಥ. ಎರಡನ್ನೂ ನಾವು ಒಂದೇ ಎಂಬಂತೆ ಬಳಸುತ್ತೇವೆ. ಆದರೆ ಒಂದು, ಮನುಷ್ಯ ಯಾಕೆ ಕಾಯಿಲೆ ಬೀಳುತ್ತಾನೆ ಎಂದು ಕೇಳಿಸುತ್ತದೆ. ಇನ್ನೊಂದು, ಇಷ್ಟೆಲ್ಲದರ ನಡುವೆಯೂ ಹೇಗೆ ನೆಟ್ಟಗಿರುತ್ತಾನೆ ಎಂದು.

ಈ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದವರು ಆರನ್ ಆಂಟೊನೊವ್‌ಸ್ಕಿ (1923–1994). ಅಮೆರಿಕದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ನೆಲೆಸಿದ ಸಮಾಜಶಾಸ್ತ್ರಜ್ಞ. ಮುಟ್ಟು ನಿಲ್ಲುವ ವಯಸ್ಸಿಗೆ ಹೆಂಗಸರು ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು. ಮಧ್ಯ ಯುರೋಪಿನಿಂದ ಬಂದ ಹೆಂಗಸರಲ್ಲಿ ಕೆಲವರು ನಾಜಿ ಶಿಬಿರಗಳಿಂದ ಬದುಕಿ ಬಂದವರು. ಶಿಬಿರ ಕಾಣದವರಲ್ಲಿ ನೂರಕ್ಕೆ 51 ಮಂದಿಯ ಮಾನಸಿಕ ಆರೋಗ್ಯ ಚೆನ್ನಾಗಿತ್ತು. ಶಿಬಿರದಿಂದ ಬಂದವರಲ್ಲಿ 29 ಮಂದಿಯದು. ಆ ಅಂತರವೇ ಶಿಬಿರದ ಕ್ರೌರ್ಯಕ್ಕೆ ಸಾಕ್ಷಿ. ಆದರೆ ಆಂಟೊನೊವ್‌ಸ್ಕಿಯವರನ್ನು ತಡೆದು ನಿಲ್ಲಿಸಿದ್ದು ಆ 29. ಅಷ್ಟನ್ನು ಕಂಡ ಮೇಲೂ ಇವರು ಗಟ್ಟಿಯಾಗಿ ಉಳಿದದ್ದು ಹೇಗೆ?

1979ರ ತಮ್ಮ ಪುಸ್ತಕದಲ್ಲಿ ಅವರು ಒಂದು ಉತ್ತರ ಕೊಟ್ಟರು. ಮುಂದೆ ಅದನ್ನು ಮೂರು ಎಳೆಗಳಾಗಿ ಬಿಡಿಸಿದರು. ನಡೆಯುತ್ತಿರುವುದು ತಕ್ಕಮಟ್ಟಿಗಾದರೂ ಅರ್ಥವಾಗಬೇಕು. ಅದನ್ನು ನಿಭಾಯಿಸಬಲ್ಲೆ ಎನಿಸಬೇಕು. ನಿಭಾಯಿಸುವುದಕ್ಕೆ ಬೆಲೆಯಿದೆ ಎಂದೂ ಅನಿಸಬೇಕು. ಮೂರರಲ್ಲಿ ಕೊನೆಯದೇ ಮುಖ್ಯ ಎಂದರು. ಬದುಕಲು ಕಾರಣವಿದ್ದವರು ದಾರಿ ಹುಡುಕುತ್ತಾರೆ.

ಇಲ್ಲೊಂದು ಅಪಾಯವಿದೆ. ಹಾಗಾದರೆ ಉಳಿದ 71 ಮಂದಿಗೆ ಮನೋಬಲ ಸಾಲಲಿಲ್ಲವೇ? ಹಾಸಿಗೆ ಹಿಡಿದವರ ತಲೆದಿಂಬಿನ ಪಕ್ಕ ಕೂತು ‘ಧೈರ್ಯ ತಂದ್ಕೊಳ್ಳಿ’ ಎನ್ನುವಾಗ ನಾವೂ ಗೊತ್ತಿಲ್ಲದೆ ಇದೇ ಆರೋಪ ಹೊರಿಸುತ್ತಿರುತ್ತೇವೆ. ಕಾಯಿಲೆಯ ಜೊತೆಗೆ ಅವರಿಗೆ ಸೋಲಿನ ಅವಮಾನವೂ ಸೇರಿಕೊಳ್ಳುತ್ತದೆ.

ಆದರೆ ಆಂಟೊನೊವ್‌ಸ್ಕಿ ಹೇಳಿದ ‘ನಿಭಾಯಿಸುವ’ ಬಲ ಒಬ್ಬರ ಎದೆಯೊಳಗೇ ಇರಬೇಕೆಂದಿಲ್ಲ. ನಂಬಿಕೆಯ ಗೆಳತಿ, ಸಂಗಾತಿ, ವೈದ್ಯ, ದೇವರು, ಯಾರ ಕೈಯಲ್ಲಾದರೂ ಇರಬಹುದು. ನಾವೆಲ್ಲ ಹುಟ್ಟಿನಿಂದಲೇ ನದಿಯೊಳಗಿದ್ದೇವೆ, ದಡದಲ್ಲಿ ಯಾರೂ ಇಲ್ಲ ಎಂಬ ಹೋಲಿಕೆ ಅವರದು. ಕೆಲವರ ಪಾಲಿಗೆ ನೀರು ತಿಳಿ, ಕೆಲವರ ಪಾಲಿಗೆ ಸುಳಿ. ಈಜು ಕಲಿಸುವುದು ಸರಿ. ಸುಳಿಯನ್ನು ಯಾರು ಎಬ್ಬಿಸಿದರು ಎಂದು ಕೇಳದಿರುವುದು ತಪ್ಪು.

ಹಳೆಯ ಕಾಗದಗಳ ಮೊದಲ ಸಾಲು ನೆನಪಾಗುತ್ತದೆ: ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ.’ ‘ನಾನು ಕ್ಷೇಮ’ ಎಂದು ಶುರುವಾಗುತ್ತಿದ್ದ ಕಾಗದ ಅಪರೂಪ. ಜನರನ್ನು ಸ್ವಸ್ಥವಾಗಿಡುವುದು ಏನು ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಬಹುವಚನದಲ್ಲೇ ಇತ್ತು.