ವೈದ್ಯೋಪದೇಶವೂ ಅದರ ಹೊಣೆಯೂ

ಆರೋಗ್ಯವಿಷಯಕವಾದ ಉಪದೇಶವು ಈಗ ಅಂಗೈಯಲ್ಲಿಯೇ ದೊರೆಯತಕ್ಕುದಾಗಿದೆ. 2005ರಲ್ಲಿ ಯೂಟ್ಯೂಬ್ ಹುಟ್ಟಿದಂದಿನಿಂದ ಇಂಥ ಚಲಚ್ಚಿತ್ರಗಳು ಲೆಕ್ಕಕ್ಕೆ ಮೀರಿ ಬೆಳೆದಿವೆ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನೇಕರು ತಲೆನೋವಿಗೂ ಮನಸ್ಸಿನ ಬೇಗೆಗೂ ಮೊದಲು ಅವನ್ನೇ ಆಶ್ರಯಿಸುತ್ತಾರೆ. ಇದನ್ನು ಹಳಿಯುವುದು ಹಿರಿಯರಿಗೆ ಸುಲಭ. ನಾವೂ ಕೆಲಕಾಲ ಹಳಿಯುತ್ತಿದ್ದೆವು.

ನಮ್ಮ ನೆಂಟರ ಮಗಳೊಬ್ಬಳು ಬಿ.ಎಸ್‌ಸಿ. ಓದುತ್ತಿದ್ದಳು. ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾರದಷ್ಟು ನೋವು. ಮನೆಯಲ್ಲಿ ಹೇಳಿಕೊಂಡರೆ, "ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ" ಎಂಬ ಉತ್ತರ. ಅಂಥ ನೋವು ಎಂಡೊಮೆಟ್ರಿಯೋಸಿಸ್ ಎಂಬ ರೋಗದ ಕುರುಹಾಗಿರಬಹುದೆಂದು ಅವಳಿಗೆ ತಿಳಿದದ್ದು ವೈದ್ಯೆಯೊಬ್ಬರ ಚಲಚ್ಚಿತ್ರದಿಂದ. ಆಸ್ಪತ್ರೆಗೆ ಹೋದಳು, ಪರೀಕ್ಷೆಯಲ್ಲಿ ಅದೇ ಎಂದು ಸ್ಥಿರವಾಯಿತು. ನಾವು ಲಜ್ಜೆಯಿಂದ ಮುಚ್ಚಿಟ್ಟುದನ್ನು ಅಪರಿಚಿತರು ಹೇಳಬೇಕಾಗಿ ಬಂದರೆ ತಪ್ಪು ಯಾರದು?

ಅವಳ ಅಣ್ಣನೂ ಅಂಥವನ್ನೇ ನೋಡುವವನು. ಅಜ್ಜಿಯ ರಕ್ತದೊತ್ತಡದ ಗುಳಿಗೆಯನ್ನು ಬಿಡಿಸಿ, ತಾನು ಕಂಡಂತೆ ಬೆಳ್ಳುಳ್ಳಿಯ ಕಷಾಯವನ್ನು ಪ್ರೀತಿಯಿಂದಲೇ ಕುಡಿಸಿದನು. ಎರಡು ತಿಂಗಳೊಳಗೆ ಆಕೆಗೆ ಪಾರ್ಶ್ವವಾಯು ಬಡಿದು ಎಡಗೈ ಸ್ವಾಧೀನ ತಪ್ಪಿತು.

ತಂಗಿಯು ಕೇಳಿದ್ದನ್ನು ಸಂಶಯವಾಗಿ ವೈದ್ಯರಲ್ಲಿಗೆ ಒಯ್ದಳು; ಅಣ್ಣನು ಅದನ್ನು ಸಿದ್ಧಾಂತವೆಂದು ಬಗೆದು ಇನ್ನೊಬ್ಬರ ಶರೀರದ ಮೇಲೆ ಪ್ರಯೋಗಿಸಿದನು. ವೈದ್ಯನಾದವನು ಹೇಳುವುದಕ್ಕೆ ಮೊದಲು ಕೇಳುತ್ತಾನೆ: ವಯಸ್ಸೆಷ್ಟು, ಬೇರೆ ರೋಗವುಂಟೆ, ಯಾವ ಔಷಧ ನಡೆಯುತ್ತಿದೆ. ಚಲಚ್ಚಿತ್ರಕ್ಕೆ ಬಾಯುಂಟು, ಕಿವಿಯಿಲ್ಲ. ಆ ಕಿವಿಯ ಕೆಲಸವನ್ನು ನೋಡುವವನೇ ಮಾಡಬೇಕಷ್ಟೆ. ರಕ್ತದೊತ್ತಡವೇ ಮೊದಲಾದ ರೋಗಗಳನ್ನು ಗುಣಪಡಿಸುವೆವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ. ಆದರೆ ಲಾಭವನ್ನು ಬಯಸದೆ ಮನೆಯೊಳಗೆ ಬುದ್ಧಿ ಹೇಳುವವನನ್ನು ಯಾವ ಕಾಯಿದೆ ಹಿಡಿದೀತು? ಸದುದ್ದೇಶವು ಅವನನ್ನು ದ್ವೇಷದಿಂದ ಮುಕ್ತನನ್ನಾಗಿಸುತ್ತದೆಯೇ ಹೊರತು ಹೊಣೆಯಿಂದಲ್ಲವೆಂದು ನಮ್ಮ ಮತ. ತನ್ನ ಶರೀರವನ್ನು ಪಣಕ್ಕೊಡ್ಡುವ ಸ್ವಾತಂತ್ರ್ಯ ಅವನಿಗಿದ್ದರೂ ಇರಬಹುದು. ಅಜ್ಜಿಯದನ್ನು ಒಡ್ಡುವ ಅಧಿಕಾರವನ್ನು ಅವನಿಗೆ ಕೊಟ್ಟವರಾರು?

ಹಾಗೆಂದು ಇಡೀ ಭಾರವನ್ನು ಹುಡುಗನ ತಲೆಯ ಮೇಲೆ ಹೊರಿಸಲು ಮನಸ್ಸೊಪ್ಪದು. ಎಂಟು ವರ್ಷ ಗುಳಿಗೆಯನ್ನು ನುಂಗುತ್ತಿದ್ದ ಆಕೆಗೆ ಅದು ಏತಕ್ಕೆಂದು ಒಬ್ಬರೂ ಬಿಡಿಸಿ ಹೇಳಿರಲಿಲ್ಲ. ಚೀಟಿ ಬರೆದವರಿಗೆ ಪುರುಸೊತ್ತಿರಲಿಲ್ಲ. ಮನೆಯವರಿಗೆ ಕೇಳಬೇಕೆಂದು ತೋರಲಿಲ್ಲ. ಅಷ್ಟು ಹೊತ್ತು ಕುಳಿತು ಆಕೆಯೊಡನೆ ಆರೋಗ್ಯದ ಮಾತನ್ನಾಡಿದವನು ಈ ಮೊಮ್ಮಗನೊಬ್ಬನೇ.

ಈಗ ಅವನು ಪ್ರತಿದಿನವೂ ಬೆಳಿಗ್ಗೆ ಗುಳಿಗೆಯನ್ನು ಆಕೆಯ ಬಲಗೈಯಲ್ಲಿಟ್ಟು, ನುಂಗುವವರೆಗೆ ಪಕ್ಕದಲ್ಲಿ ನಿಂತಿರುತ್ತಾನೆ. ಅಜ್ಜಿ ಅವನನ್ನು ಬೈದದ್ದಿಲ್ಲ. "ಇದು ಏತಕ್ಕೆಂದು ಮೊದಲೇ ಯಾರಾದರೂ ಹೇಳಿದ್ದರೆ ನಾನು ಬಿಡುತ್ತಿದ್ದೆನೇನಪ್ಪಾ?" ಎಂದು ಮಾತ್ರ ಒಮ್ಮೊಮ್ಮೆ ಕೇಳುತ್ತಾರಂತೆ.