ಆಡಿದವನಿಗೆ ಕೂಲಿಯೆ?

ಕಳೆದ ಸುಗ್ಗಿಯಲ್ಲಿ ನನ್ನ ತಮ್ಮನ ಮಗನು ಬೆಂಗಳೂರಿನಿಂದ ಪಾಂಡವಪುರದ ಮನೆಗೆ ಬಂದಿದ್ದನು. ವಿಡಿಯೋ ಆಟಗಳನ್ನು ಮಾರಾಟಕ್ಕೆ ಬಿಡುವ ಮೊದಲು ಆಡಿ ಪರೀಕ್ಷಿಸುವ ಉದ್ಯೋಗವನ್ನು ಅವನು ಹಿಡಿಯಬೇಕೆಂದಿರುವನು. ಒಂದು ಕಂಪನಿಯವರು (ಹೆಸರು ಬೇಡ) ಅವನಿಂದ ೨೧ ದಿನ ಈ ಕೆಲಸವನ್ನು ಮಾಡಿಸಿಕೊಂಡು, ಕಡೆಗೆ ಒಂದು ಪ್ರಶಂಸಾಪತ್ರವನ್ನು ಕೊಟ್ಟು ಕಳುಹಿಸಿದ್ದರು. ಹಣದ ಮಾತೇ ಇಲ್ಲ. ಆ ದಿನಗಳ ಕೊಠಡಿಯ ಬಾಡಿಗೆಯನ್ನೂ ಊಟದ ವೆಚ್ಚವನ್ನೂ ಕಬ್ಬು ಬೆಳೆಯುವ ಅವನ ತಂದೆಯೇ ಕಳುಹಿಸಿದ್ದನು. ನನಗೆ ಸಿಟ್ಟು ಬಂದಿತು, ಹುಡುಗನಿಗೆ ಬಂದಿರಲಿಲ್ಲ. "ನಾನು ಆಡಿದ್ದಲ್ಲವೆ, ದೊಡ್ಡಪ್ಪ? ಆಟಕ್ಕೆ ಕೂಲಿ ಕೇಳುವುದು ಹೇಗೆ?" ಎಂದನು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಆಟವೆಂದ ಮಾತ್ರಕ್ಕೆ ಅದು ಹಗುರವಾದ ವಸ್ತುವಲ್ಲ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿ, ಶ್ರೀತತ್ತ್ವನಿಧಿಯ ಒಂಬತ್ತನೆಯ ನಿಧಿಯಾದ ಕೌತುಕನಿಧಿಯಲ್ಲಿ ಅವಕ್ಕೆ ಸ್ಥಾನವಿತ್ತರು. ಆದರೆ ಹುಡುಗನು ಮಾಡಿದುದು ಆಟವೇ ಎಂಬುದು ಬೇರೆಯ ಪ್ರಶ್ನೆ. ವಿಚಾರಿಸಿದೆನು. ಆಟದೊಳಗಿನ ಒಂದೇ ಬಾಗಿಲನ್ನು ನೂರು ಬಾರಿ ತೆರೆದು ಮುಚ್ಚಬೇಕು. ಪ್ರತಿಯೊಂದು ಗೋಡೆಗೂ ಹಾಯ್ದು, ಎಲ್ಲಿಯಾದರೂ ದೇಹವು ಗೋಡೆಯೊಳಗೆ ನುಸುಳುವುದೋ ಎಂದು ನೋಡಬೇಕು. ಆಟದ ನಡುವೆ ದೂರವಾಣಿಯ ಕರೆ ಬಂದರೆ ಏನಾಗುವುದು, ಬ್ಯಾಟರಿ ಮುಗಿಯುತ್ತ ಬಂದರೆ ಏನಾಗುವುದು ಎಂಬುದನ್ನೂ ಪರೀಕ್ಷಿಸಬೇಕು. ದೋಷ ಕಂಡರೆ ಸಾಲದು. ಯಾವ ಕ್ರಮದಲ್ಲಿ ಏನು ಮಾಡಿದರೆ ಅದೇ ದೋಷ ಮತ್ತೆ ತೋರುವುದೆಂಬುದನ್ನು, ಮತ್ತೊಬ್ಬನು ಓದಿ ಹಾಗೆಯೇ ಮಾಡಿ ನೋಡುವಂತೆ ಬರೆದುಕೊಡಬೇಕು. ಗೆಲ್ಲಬೇಕೆಂಬ ಹಂಬಲಕ್ಕೆ ಇಲ್ಲಿ ಎಡೆಯೇ ಇಲ್ಲ. ಆಟದ ರಸವು ಎರಡನೆಯ ದಿನಕ್ಕೇ ಬತ್ತಿತೆಂದು ಅವನೇ ಒಪ್ಪಿಕೊಂಡನು.

ಸಂಜೆ ನಮ್ಮ ಹೊಲದ ಪಕ್ಕದ ಆಲೆಮನೆಗೆ ಹೋಗಿದ್ದೆವು. ಆಲೆಮನೆಗೆ ಹೋದವರನ್ನು ಬರಿಗೈಯಲ್ಲಿ ಕಳುಹಿಸುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲವಷ್ಟೆ. ನಮಗೆ ಕಬ್ಬಿನ ಹಾಲನ್ನೂ ಬಿಸಿ ಬೆಲ್ಲವನ್ನೂ ಕೊಟ್ಟರು. ತಿಂದು, "ಚೆನ್ನಾಗಿದೆ; ಸ್ವಲ್ಪ ಬಣ್ಣ ಏರಿದೆ" ಎಂದೆನು. ಈ ಅಭಿಪ್ರಾಯಕ್ಕೆ ನಾನು ಕೂಲಿ ಕೇಳಲಿಲ್ಲ, ಕೇಳಿದ್ದರೆ ನಗೆಪಾಟಲಾಗುತ್ತಿತ್ತು. ಆದರೆ ಕೊಪ್ಪರಿಗೆಯ ಬಳಿ ನಿಂತು ಪಾಕದ ಹದವನ್ನು ನೋಡುವವನೊಬ್ಬನಿದ್ದನು. ಅವನೂ ಪರೀಕ್ಷಕನೇ. ಅವನು ಹೊತ್ತು ತಪ್ಪುವಂತಿಲ್ಲ. ಹದ ಕೆಟ್ಟರೆ ಇಡೀ ಕೊಪ್ಪರಿಗೆಯ ಬೆಲ್ಲ ಕೆಡುವುದು, ಬೈಗುಳವೂ ಅವನಿಗೇ. ಅವನಿಗೆ ಸಂಬಳವಿಲ್ಲವೆಂದರೆ ಊರು ಒಪ್ಪೀತೆ? ಹುಡುಗನಿಗೆ ಈ ಇಬ್ಬರನ್ನೂ ತೋರಿಸಿ, "ನೀನು ಇವರಲ್ಲಿ ಯಾರು?" ಎಂದೆನು.

೨೦೨೧ರ ಜೂನ್ ೧೭ರಂದು ಕ್ರಾಫ್ಟನ್ ಎಂಬ ಕೊರಿಯಾದೇಶದ ಸಂಸ್ಥೆಯು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಆಟವನ್ನು ಪರೀಕ್ಷಾರ್ಥವಾಗಿ ತೆರೆದಾಗ, ನಮ್ಮ ದೇಶದ ಲಕ್ಷಾಂತರ ತರುಣರು ಬಿಟ್ಟಿಯಾಗಿ ಆಡಿದರು; ಜುಲೈ ೨ರಂದು ಆಟವು ಎಲ್ಲರಿಗೂ ಬಿಡುಗಡೆಯಾಯಿತು. ಅವರಿಗೆ ಕೂಲಿ ಸಲ್ಲಬೇಕೆಂದು ನಾನು ಹೇಳಲಾರೆನು. ಅವರು ಬೆಲ್ಲ ತಿಂದ ಅತಿಥಿಗಳು, ಬೇಸರವಾದಾಗ ಎದ್ದುಹೋಗಬಲ್ಲವರು. ಇಷ್ಟು ಗಂಟೆ ಕುಳಿತಿರು, ಇಷ್ಟು ವರದಿ ಬರೆದುಕೊಡು ಎಂಬ ಕಟ್ಟುಪಾಡು ಬಂದ ಕ್ಷಣವೇ ಅತಿಥಿಯು ಕೆಲಸಗಾರನಾಗುತ್ತಾನೆ.

ದುಡಿಮೆಯನ್ನು ದಾನವಾಗಿ ಕೊಡಬಾರದೆ ಎಂದು ಕೇಳುವವರುಂಟು. ಧಾರಾಳವಾಗಿ ಕೊಡಬಹುದು. ತೊಣ್ಣೂರಿನ ಕೆರೆಯ ಹೂಳೆತ್ತಲು ಊರವರು ಗುದ್ದಲಿ ಹಿಡಿದು ಬಂದರೆ ಅದು ಶ್ರಮದಾನ, ನೀರು ಎಲ್ಲರದು. ಒಬ್ಬನು ತನ್ನ ತೋಟದ ಬಾವಿಯನ್ನು ತೋಡಿಸಿ, ನೀರನ್ನು ಮಾರಿಕೊಂಡು, ತೋಡಿದವರಿಗೆ "ಅನುಭವ ಬಂದಿತಲ್ಲ" ಎಂದರೆ ಅದಕ್ಕೆ ನಮ್ಮ ಹಿರಿಯರು ಬಿಟ್ಟಿ ಎಂದೇ ಹೆಸರಿಟ್ಟಿದ್ದರು.

ಹುಡುಗನು ಒಪ್ಪಿಯೇ ಹೋದನಲ್ಲ ಎಂಬ ವಾದವೊಂದುಳಿಯಿತು. ನಮ್ಮ ಸಂವಿಧಾನದ ೨೩ನೆಯ ವಿಧಿಯು ಬಿಟ್ಟಿದುಡಿಮೆಯನ್ನು ನಿಷೇಧಿಸಿದೆ. ೧೯೮೨ರಲ್ಲಿ ಸರ್ವೋಚ್ಚ ನ್ಯಾಯಾಲಯವು, ದಿಲ್ಲಿಯ ಏಷ್ಯನ್ ಕ್ರೀಡೆಗಳ ಕಟ್ಟಡಗಳಲ್ಲಿ ದುಡಿದವರ ವಿಷಯದಲ್ಲಿ (ಅದೂ ಆಟದ ಸಂಬಂಧವೇ!), ಕನಿಷ್ಠ ವೇತನಕ್ಕಿಂತ ಕಡಮೆಗೆ ದುಡಿಸುವುದು ಬಲಾತ್ಕಾರದ ದುಡಿಮೆಯೇ ಎಂದೂ, ಬಡತನದ ಒತ್ತಾಯವೂ ಬಲಾತ್ಕಾರವೇ ಎಂದೂ ತೀರ್ಮಾನಿಸಿತು. ನಮ್ಮ ಹುಡುಗನು ಹಸಿದವನಲ್ಲ, ನಿಜ; ಆಸೆಯುಳ್ಳವನು. ಹಸಿವಿನಷ್ಟು ಕ್ರೂರವಲ್ಲದಿದ್ದರೂ ಆಸೆಯೂ ಮನುಷ್ಯನ ಕೈಯನ್ನು ಹಿಡಿದೇ ಒಪ್ಪಿಗೆಯ ಸಹಿ ಹಾಕಿಸುತ್ತದೆ. ಇನ್ನೊಂದು ಅನ್ಯಾಯವೂ ಇದರಲ್ಲಿ ಅಡಗಿದೆ. ಸಂಬಳವಿಲ್ಲದೆ ದುಡಿದವನಿಗೇ ಮುಂದೆ ಉದ್ಯೋಗವೆಂದಾದರೆ, ಮನೆಯಿಂದ ಹಣ ತರಿಸಿಕೊಳ್ಳಬಲ್ಲವನು ಮಾತ್ರ ಆ ಬಾಗಿಲನ್ನು ದಾಟುವನು. ನಾಗಮಂಗಲದ ಕಡೆಯ ಮಳೆ ನಂಬಿದ ಒಕ್ಕಲಿನ ಮಗನು, ಜಾಣನಾದರೂ, ಹೊರಗೇ ನಿಲ್ಲುವನು.

ಸಂಬಳ ಪಡೆಯುವ ಪರೀಕ್ಷಕರೂ ಈ ಉದ್ಯೋಗದಲ್ಲಿ ಕಡೆಯ ಪಂಕ್ತಿಯವರೆಂದೇ ತೋರುತ್ತದೆ. ೨೦೨೨ರ ಮೇ ತಿಂಗಳಿನಲ್ಲಿ ಅಮೆರಿಕದ ರೇವನ್ ಸಾಫ್ಟ್‌ವೇರ್ ಎಂಬ ಸಂಸ್ಥೆಯ ಪರೀಕ್ಷಕರು ೧೯ಕ್ಕೆ ೩ ಮತಗಳಿಂದ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಆಟಗಾರರಾಗಿದ್ದರೆ ಅವರಿಗೆ ಸಂಘವೇಕೆ ಬೇಕಾಗುತ್ತಿತ್ತು?

ಹುಡುಗನು ಈಗ ಮತ್ತೊಂದು ಕಡೆಗೆ ಹೋಗಿದ್ದಾನೆ. ಈ ಸಾರಿ ಸಂಬಳವನ್ನು ಮೊದಲೇ ಗೊತ್ತುಮಾಡಿಕೊಂಡನಂತೆ. ಹಳೆಯ ೨೧ ದಿನಗಳ ಹಣವನ್ನು ಕೇಳಿ ಕಾಗದ ಬರೆಯೆಂದು ನಾನು ಎರಡು ಬಾರಿ ಹೇಳಿದೆನು. "ಬೇಡ ದೊಡ್ಡಪ್ಪ, ಹೆಸರು ಕೆಡುತ್ತದೆ" ಎನ್ನುತ್ತಾನೆ.